ಜೀರ್ಣೋದ್ಧಾರವೆಂಬ ಮಾತಿನ ಅರ್ಥ

ಕನ್ನಡ ನಾಡಿನ ದಾನಶಾಸನಗಳನ್ನು ಓದುವವರಿಗೆ ಒಂದು ಮಾತು ಮತ್ತೆ ಮತ್ತೆ ಎದುರಾಗುವುದು. ದೇವರ ಅಂಗಭೋಗ ರಂಗಭೋಗಗಳಿಗೆ, ನಂದಾದೀವಿಗೆಗೆ, ತಪೋಧನರ ಆಹಾರದಾನಕ್ಕೆ ಎಂದು ಗದ್ದೆ ಬೆದ್ದಲುಗಳನ್ನು ಧಾರೆಯೆರೆದು ಬಿಡುವ ದಾನಿಯು ಆ ಪಟ್ಟಿಯಲ್ಲಿಯೇ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದೂ ಹೆಸರಿಸಿ ಬಿಡುವನು. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು, ಜೀರ್ಣವೆಂದರೆ ಸವೆದುದು. ಮುರಿದುದನ್ನು ಕೂಡಿಸಿ, ಬಿರಿದುದನ್ನು ಬೆಸೆದು, ಸವೆದುದನ್ನು ಎತ್ತಿ ನಿಲ್ಲಿಸುವುದು. ಇಷ್ಟೇ ಆ ಸಮಾಸದ ಅರ್ಥ. ಮುಂದೊಂದು ಕಾಲಕ್ಕೆ ಮಳೆಗಾಳಿಗಳಿಂದ ಕಲ್ಲು ಜರಿಯುವುದು ನಿಶ್ಚಯವೆಂದು ತಿಳಿದು, ಆ ಕಾಲದವರ ಕೈ ಬರಿದಾಗಿರಬಾರದೆಂದು ಕಟ್ಟಿಸಿದವನು ಕಟ್ಟಿಸಿದ ದಿನವೇ ಮಾಡಿಟ್ಟ ಏರ್ಪಾಡದು.

ಈಗಿನ ಕಾಲದಲ್ಲಿ ಮಾತು ಉಳಿದಿದೆ, ಅರ್ಥ ತಲೆಕೆಳಗಾಗಿದೆ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಾಗಲಿ ಕರ್ಣಾಟಕದ ಮತ್ತಾವ ತಾಲ್ಲೂಕಿನಲ್ಲಾಗಲಿ ಜೀರ್ಣೋದ್ಧಾರ ಸಮಿತಿಯೊಂದು ಹುಟ್ಟಿತೆಂದರೆ, ಮುಂದೆ ನಡೆಯತಕ್ಕದ್ದನ್ನು ಪಂಚಾಂಗ ನೋಡಿ ಗ್ರಹಣವನ್ನು ಹೇಳುವಂತೆ ಹೇಳಬಹುದು. ಮೊದಲು ರಸೀದಿ ಪುಸ್ತಕ ಅಚ್ಚಾಗುವುದು. ಬಳಿಕ ಗುಡಿಯ ಗೋಡೆಗೆ ಮರಳನ್ನು ರಭಸದಿಂದ ಎರಚುವ ಯಂತ್ರವನ್ನು ಹಿಡಿದು, ಹಳೆಯ ಸುಣ್ಣದೊಡನೆ ವಿಗ್ರಹದ ಮೂಗು, ಬೆರಳು, ಕೊರಳ ಹಾರದ ಎಳೆ ಎಲ್ಲವನ್ನೂ ಸವೆಯಿಸುವರು. ನೆಲದ ಹಾಸುಗಲ್ಲುಗಳನ್ನು ಕಿತ್ತು ಕನ್ನಡಿಯಂತೆ ಹೊಳೆಯುವ ಗ್ರಾನೈಟನ್ನು ಹಾಸುವರು. ಅದರ ಮೇಲೆ ತೀರ್ಥದ ಹನಿ ಬಿದ್ದರೆ ಮುದುಕರು ಜಾರಿ ಬೀಳುವರು. ಗರ್ಭಗುಡಿಯ ಒಳಗೋಡೆಗೆ ಬಚ್ಚಲುಮನೆಗೆ ಹಾಕುವ ಟೈಲು ಬರುವುದು. ಕಂಬಗಳಿಗೆ ಎನಾಮಲು ಬಣ್ಣ, ಮುಖಮಂಟಪಕ್ಕೆ ತಗಡಿನ ಚಾವಣಿ, ಹೊಸ್ತಿಲಿಗೆ ಮಡಚುವ ಕಬ್ಬಿಣದ ಬಾಗಿಲು, ಎದುರಿಗೆ ಕಾಂಕ್ರೀಟಿನ ಗೋಪುರ. ಕಿತ್ತ ಕಲ್ಲುಗಳು ಮೋರಿಗೋ, ಹಿತ್ತಿಲ ಒಗೆಯುವ ಕಲ್ಲಿಗೋ ಆಗುವುವು. ಅವುಗಳಲ್ಲಿ ಅಕ್ಷರವಿದ್ದುವೆಷ್ಟು, ಇಲ್ಲದವೆಷ್ಟು ಎಂದು ನೋಡಿದವರಿಲ್ಲ. ಕಡೆಗೆ ಕುಂಭಾಭಿಷೇಕ, ಗಣ್ಯರ ಭಾಷಣ, ಸಾವಿರ ಜನಕ್ಕೆ ಊಟ. ಎಂಟು ನೂರು ವರ್ಷದ ಗುಡಿಯೊಂದು ಎಂಟು ತಿಂಗಳಿನಲ್ಲಿ ಇಲ್ಲವಾಯಿತೆಂಬುದು ಆ ಊಟದ ಪಂಕ್ತಿಯಲ್ಲಿ ಯಾರಿಗೂ ತೋರುವುದಿಲ್ಲ.

ಇದನ್ನು ಹೇಳಿದವರ ಮೇಲೆ ಕೂಡಲೇ ಒಂದು ಆಕ್ಷೇಪಣೆ ಬರುವುದು: ಇವರಿಗೆ ದೇವರಿಗಿಂತ ಕಲ್ಲು ಹೆಚ್ಚಾಯಿತು, ಸೋರುವ ಗುಡಿಯಲ್ಲಿ ದೇವರು ನೆನೆಯುತ್ತಿರಲಿ, ಪಟ್ಟಣದಿಂದ ಬಂದು ಪಟ ತೆಗೆಯುವವರಿಗೆ ಅಂದವಾಗಿದ್ದರೆ ಸಾಕೆನ್ನುವರು ಎಂದು. ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಗುಡಿ ಇರುವುದು ಪೂಜೆಗೆ, ಊರು ಕೂಡುವುದಕ್ಕೆ; ನೋಡಿ ಹೋಗುವವರಿಗಾಗಿ ಅಲ್ಲ. ವಾದವಿರುವುದು ಬೇರೆ ಕಡೆ. ಪೂಜೆಯೂ ಊರಿನ ಕೂಟವೂ ಚೆನ್ನಾಗಿ ನಡೆಯಬೇಕೆಂಬ ಕಾರಣದಿಂದಲೇ ಹಳೆಯ ಕಟ್ಟಡವನ್ನು ಹಳೆಯ ಕ್ರಮದಲ್ಲಿ ದುರಸ್ತಿ ಮಾಡಬೇಕು. ಕೆಡವಿ ಕಟ್ಟುವುದರಿಂದ ಪೂಜೆಗೂ ನಷ್ಟ, ಊರಿಗೂ ನಷ್ಟ. ಇದಕ್ಕೆ ಸಾಕ್ಷಿಯನ್ನು ಹುಡುಕಿಕೊಂಡು ದೂರ ಹೋಗಬೇಕಾದುದಿಲ್ಲ. ತರೀಕೆರೆಯ ಸಮೀಪದಲ್ಲಿಯೇ ಅಮೃತಾಪುರವಿದೆ.

ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಗುಡಿಯದು. ಅದರ ದೊಡ್ಡ ಶಿಲಾಶಾಸನದ ಪದ್ಯಗಳು ಜನ್ನನವು. ಮುಂದೆ ಯಶೋಧರ ಚರಿತೆಯನ್ನೂ ಅನಂತನಾಥ ಪುರಾಣವನ್ನೂ ಬರೆದ ಜೈನ ಕವಿಯು ಶಿವಾಲಯವೊಂದರ ಮುಂದೆ ನಿಲ್ಲತಕ್ಕ ಕಲ್ಲಿಗೆ ಕಾವ್ಯ ಕೊಟ್ಟನು. ಕೊಡುವುದರಲ್ಲಿ ಅವನಿಗೂ ಸಂಕೋಚವಿರಲಿಲ್ಲ, ಕೇಳುವುದರಲ್ಲಿ ದಂಡನಾಯಕನಿಗೂ ಇರಲಿಲ್ಲ. ಮಲ್ಲಿತಮ್ಮನೆಂಬ ರೂವಾರಿಯ ಹೆಸರು ಇಲ್ಲಿ ಮೊದಲು ಕಂಡು, ಎಪ್ಪತ್ತು ವರ್ಷಗಳ ಮೇಲೆ ಸೋಮನಾಥಪುರದಲ್ಲಿ ಮತ್ತೆ ಕಾಣುವುದು. ಶಿಖರದ ಮೇಲಿನ ಕೀರ್ತಿಮುಖಗಳೂ, ಸುಕನಾಸಿಯ ಮೇಲೆ ಸಿಂಹದೊಡನೆ ಹೋರುವ ಸಳನೂ ಇಂದಿಗೂ ಇದ್ದಾರೆ. ಸುತ್ತಿನ ಪ್ರಾಕಾರದ ಗೋಡೆಯ ಮೇಲೆ ಸಮದೂರದಲ್ಲಿ ಸಾಲಾಗಿ ಕೆತ್ತಿದ ದುಂಡನೆಯ ಬಿಲ್ಲೆಗಳಿವೆ. ಹೊಯ್ಸಳರ ಗುಡಿಗಳಲ್ಲಿ ಅಂಥ ಗೋಡೆ ಮೂಲರೂಪದಲ್ಲಿ ಉಳಿದಿರುವುದು ಅಪರೂಪ.

ಆದರೆ ಈ ವಾದಕ್ಕೆ ಮುಖ್ಯವಾದುದು ಶಿಖರವೂ ಅಲ್ಲ, ಶಾಸನವೂ ಅಲ್ಲ. ಆ ಗುಡಿಯ ತೆರೆದ ಮಂಟಪ. ಒಳಗಿನ ಮುಚ್ಚಿದ ಮಂಟಪಕ್ಕೆ 9 ಅಂಕಣಗಳಾದರೆ ಹೊರಗಿನದಕ್ಕೆ 29 ಅಂಕಣಗಳು. ದೇವರ ಹತ್ತಿರದ ಮಂಟಪ ಚಿಕ್ಕದು, ಜನರ ಮಂಟಪ ಅದರ ಮೂರರಷ್ಟಕ್ಕೂ ಹೆಚ್ಚು! ಅಂಚಿನುದ್ದಕ್ಕೂ ಕುಳಿತುಕೊಳ್ಳುವುದಕ್ಕೆ ಕಲ್ಲಿನ ಕಕ್ಷಾಸನ, ಬೆನ್ನಿಗೆ ಒರಗುಗೋಡೆ. ಆ ಗೋಡೆಯ ಹೊರಮೈಯಲ್ಲಿ ದಕ್ಷಿಣಕ್ಕೆ ರಾಮಾಯಣದ 70 ಫಲಕಗಳು, ಉತ್ತರಕ್ಕೆ ಕೃಷ್ಣನ ಕಥೆಯ 25, ಭಾರತದ 45. ತಲೆಯ ಮೇಲೆ ಅಂಕಣಕ್ಕೊಂದು ಬಗೆಯ ಭುವನೇಶ್ವರಿ. ಬೆಳಕು ಬೇಕಾದಷ್ಟು, ಗಾಳಿ ಬೇಕಾದಷ್ಟು. ಬೇಸಗೆಯ ನಡುಹಗಲಿನಲ್ಲಿಯೂ ಕಲ್ಲು ತಂಪು. ಪುರಾಣ ಹೇಳುವವನಿಗೆ ಸ್ಥಳವಿದೆ, ಕೇಳುವವರಿಗೆ ಆಸನವಿದೆ, ಹೊರಗೆ ಸುತ್ತುವ ಮಗುವಿಗೆ ಅಕ್ಷರ ಬರುವುದಕ್ಕೆ ಮೊದಲೇ ಓದುವುದಕ್ಕೆ ಕಥೆಯಿದೆ. ಸಮುದಾಯ ಭವನವೆಂದು ಈಗಿನವರು ಯಾವುದನ್ನು ಕರೆಯುವರೋ ಅದನ್ನು ಹೊಯ್ಸಳರ ಶಿಲ್ಪಿಯು ಗುಡಿಯ ಅಂಗವಾಗಿಯೇ ಕಟ್ಟಿಕೊಟ್ಟಿದ್ದಾನೆ. ಅದನ್ನು ಮುಚ್ಚಿ, ಕಬ್ಬಿಣದ ಜಾಲರಿ ಹಾಕಿ, ಪಕ್ಕದಲ್ಲಿ ತಗಡಿನ ಕೊಟ್ಟಿಗೆ ಎಬ್ಬಿಸಿ, ಊರಿಗೆ ಅನುಕೂಲ ಮಾಡಿಕೊಟ್ಟೆವೆಂದು ಬೀಗುವವರು, ಬಾವಿಗೆ ಮಣ್ಣು ತುಂಬಿ ಕೊಳಾಯಿ ಹಾಕಿಸಿದೆವೆನ್ನುವವರ ಸಂತತಿ.

ಅಮೃತಾಪುರದ ಗುಡಿಯು ಭಾರತ ಸರ್ಕಾರದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿ ಇರುವುದರಿಂದ ಇಂಥ ಗತಿಯನ್ನು ತಪ್ಪಿಸಿಕೊಂಡಿದೆ. ಅಲ್ಲಿ ಪೂಜೆಯೂ ನಡೆಯುತ್ತಿದೆ. ಆಸಂದಿ, ಹಿರೇನಲ್ಲೂರುಗಳಂತಹ ಊರುಗಳ ಹಳೆಯ ಗುಡಿಗಳ ಹೆಸರಾದರೂ ಪುಸ್ತಕಗಳಲ್ಲಿ ಸೇರಿದೆ. ಭಯವಿರುವುದು ಹೆಸರಿಲ್ಲದವುಗಳ ವಿಷಯದಲ್ಲಿ. ಕೆರೆಯ ಏರಿಯ ಕೆಳಗಿನ ಈಶ್ವರ, ಊರ ನಡುವಿನ ಹನುಮಂತ, ಕೋಟೆಯ ಮೂಲೆಯ ಬಸದಿ, ಪಾಳೆಯಗಾರರ ಕಾಲದ ಚಿಕ್ಕ ಗುಡಿ, ಹೆಂಚಿನ ಮಾಡಿನ ಹಳೆಯ ಇಗರ್ಜಿ, ಗಾರೆಯ ಮಿನಾರಿನ ಮಸೀದಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನಾಡೆಲ್ಲ ಹರ್ಷಪಟ್ಟಿತು, ಸರಿ. ಆ ಹರ್ಷದಲ್ಲಿ ಒಂದು ಅಪಾಯವೂ ಇದೆ: ಕಾಪಾಡಬೇಕಾದುವನ್ನು ಕಾಪಾಡಿದ್ದಾಯಿತು, ಮಿಕ್ಕುವನ್ನು ಏನು ಮಾಡಿದರೂ ಸರಿಯೆಂಬ ಭಾವನೆ. ಮೂರು ಗುಡಿಗಳಿಂದ ಒಂದು ನಾಡಿನ ಶಿಲ್ಪವಿದ್ಯೆ ತಿಳಿಯುವುದಿಲ್ಲ, ಮೂರು ಪದ್ಯಗಳಿಂದ ಕನ್ನಡ ಕಾವ್ಯವು ತಿಳಿಯದಂತೆ.

ಇನ್ನು ಶಾಸ್ತ್ರದ ಮಾತು. ಹೊಸದಾಗಿ ಕಟ್ಟಿಸುವುದು ಹೆಚ್ಚು ಪುಣ್ಯವೆಂದೂ, ಭಿನ್ನವಾದ ಕಲ್ಲನ್ನು ಇಟ್ಟುಕೊಳ್ಳುವುದು ಊರಿಗೆ ಕೇಡೆಂದೂ ಸಮಿತಿಯ ಸಭೆಗಳಲ್ಲಿ ಯಾರಾದರೊಬ್ಬರು ಹೇಳದೆ ಇರುವುದಿಲ್ಲ. ಮೂಲವಿಗ್ರಹವು ಭಿನ್ನವಾದರೆ ಅದಕ್ಕೆ ಆಗಮಗಳಲ್ಲಿ ವಿಧಿಯುಂಟು. ಅದು ಬಲ್ಲವರಿಗೆ ಬಿಟ್ಟದ್ದು. ಆ ವಿಧಿಯನ್ನು ಕಂಬಕ್ಕೂ ಬೋದಿಗೆಗೂ ಹಾಸುಗಲ್ಲಿಗೂ ಎಳೆದು ತರುವುದಕ್ಕೆ ಆಧಾರವೆಲ್ಲಿ? ಮಯಮತದಲ್ಲಿ ಅನುಕರ್ಮವಿಧಾನವೆಂದು ಇದಕ್ಕಾಗಿಯೇ ಒಂದು ಅಧ್ಯಾಯವಿದೆ. ಯಾವ ಆಲಯದಲ್ಲಿ ಅದರ ಲಕ್ಷಣಗಳು ಇನ್ನೂ ಗುರುತು ಸಿಕ್ಕುವಂತೆ ಉಳಿದಿವೆಯೋ ಅದನ್ನು ಅದರ ದ್ರವ್ಯದಿಂದಲೇ ಸರಿಪಡಿಸಬೇಕೆಂದೂ, ಎತ್ತರ ಅಗಲಗಳು ಮೊದಲು ಇದ್ದಷ್ಟೇ ಇರಬೇಕೆಂದೂ, ಇಲ್ಲದುದನ್ನು ಹೊಸದಾಗಿ ಸೇರಿಸಕೂಡದೆಂದೂ, ಎಲ್ಲವೂ ತಿಳಿದವರ ಸಲಹೆಯಂತೆ ಆಗಬೇಕೆಂದೂ ಅದರ ತಾತ್ಪರ್ಯ. ಈಗ ಜಗತ್ತಿನ ಪುರಾತತ್ತ್ವಜ್ಞರು ಒಪ್ಪಿ ನಡೆಯುವ ವೆನಿಸ್ಸಿನ ನಿಬಂಧನೆ ಹುಟ್ಟಿದ್ದು 1964ರಲ್ಲಿ. ಅದರ ಸಾರವನ್ನು ಈ ದೇಶದ ವಾಸ್ತುಗ್ರಂಥವೊಂದು ನೂರಾರು ವರ್ಷಗಳ ಹಿಂದೆಯೇ ಹೇಳಿರುವಾಗ, ಶಾಸ್ತ್ರದ ಹೆಸರಿನಲ್ಲಿ ಟೈಲು ಹಾಕುವವರು ಯಾವ ಶಾಸ್ತ್ರವನ್ನು ಓದಿದರೋ ಅವರೇ ಹೇಳಬೇಕು.

ಶಾಸ್ತ್ರವನ್ನು ನಂಬದವರಿಗೆ ಕಲ್ಲಿನ ಮಾತೇ ಸಾಕು. ಹೊಯ್ಸಳರ ಗುಡಿಗಳ ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಅದು ಮೃದು. ಚಾಣಕ್ಕೆ ಬೆಣ್ಣೆಯಂತೆ ಒದಗುವುದು. ಗಾಳಿ ಬಿಸಿಲುಗಳು ತಗುಲಿದ ಹಾಗೆಲ್ಲ ಮೇಲ್ಮೈ ಗಟ್ಟಿಯಾಗುತ್ತ ಬರುವುದು. ಆ ಗಟ್ಟಿ ಮೈಯೇ ಅದರ ಕವಚ. ಮರಳಿನ ಯಂತ್ರವನ್ನು ಹಿಡಿದ ಕೂಡಲೆ ಕವಚ ಹೋಗಿ ಒಳಗಿನ ಮೃದುವಾದ ಕಲ್ಲು ಬಯಲಾಗುವುದು. ಹೊಸದರಂತೆ ಕಂಡಿತೆಂದು ಜನ ಸಂತೋಷಪಡುವರು. ಕೆಲವು ಮಳೆಗಾಲ ಕಳೆಯುವುದರೊಳಗೆ ಕೆತ್ತನೆ ಉದುರತೊಡಗುವುದು. ಎನಾಮಲು ಬಣ್ಣದ ಕೆಲಸ ಇನ್ನೊಂದು ಬಗೆಯದು. ಅಡಿಯಿಂದ ಏರಿದ ತೇವವು ಕಲ್ಲಿನ ಮೈಯಿಂದ ಆರಿ ಹೋಗಬೇಕು. ಬಣ್ಣವು ಆ ದಾರಿಯನ್ನು ಮುಚ್ಚುವುದು. ತೇವದೊಡನೆ ಬಂದ ಲವಣಗಳು ಒಳಗೇ ನಿಂತು ಹರಳುಗಟ್ಟಿ, ಬಣ್ಣವನ್ನೂ ಅದರ ಕೆಳಗಿನ ಕಲ್ಲಿನ ಪದರವನ್ನೂ ಒಟ್ಟಿಗೆ ಎಬ್ಬಿಸುವುವು.

ಸಿಮೆಂಟಿನ ವಿಷಯವಾಗಿ ಜನಕ್ಕೆ ಇರುವ ಭಕ್ತಿಯು ದೇವರ ಮೇಲಾದರೂ ಇದೆಯೋ ಇಲ್ಲವೋ. ಹಿಂದಿನವರು ಸುಣ್ಣ, ಮರಳು, ಇಟ್ಟಿಗೆಯ ಪುಡಿಗಳನ್ನು ಬೆಲ್ಲದ ನೀರು, ಅಳಲೆಕಾಯಿಯ ರಸಗಳೊಡನೆ ಅರೆದು ದಿನಗಟ್ಟಲೆ ಕೊಳೆಯಿಸಿ ಮಾಡುತ್ತಿದ್ದ ಗಾರೆಯು ಕಲ್ಲಿಗಿಂತ ಮೃದು. ಕಟ್ಟಡ ಕೊಂಚ ಅಲುಗಿದರೆ ಗಾರೆ ಬಿರಿಯುವುದು, ಕಲ್ಲು ಉಳಿಯುವುದು. ಬಿರಿದ ಗಾರೆಯನ್ನು ಮತ್ತೆ ತುಂಬಬಹುದು. ಸಿಮೆಂಟು ಬಳಪದ ಕಲ್ಲಿನೊಡನೆ ಹೊಂದದಷ್ಟು ಗಡುಸು. ಕಟ್ಟಡ ಅಲುಗಿದರೆ ಈಗ ಬಿರಿಯತಕ್ಕದ್ದು ಕಲ್ಲೇ. ಮೇಲಾಗಿ, ಸೋರುತ್ತದೆಂದು ಹಳೆಯ ಚಾವಣಿಯ ಮೇಲೆ ಕಾಂಕ್ರೀಟಿನ ಹಲಗೆಯನ್ನು ಎರೆಯುವವರು, ಮುಪ್ಪಿನವನ ಹೆಗಲಿಗೆ ಮೂಟೆಯನ್ನು ಹೊರಿಸಿ ಇವನ ನಡುವನ್ನು ನೆಟ್ಟಗೆ ಮಾಡಿದೆನೆನ್ನುವವರಂತೆ. ಆ ಹಲಗೆಯೊಳಗಿನ ಕಬ್ಬಿಣ ಐವತ್ತು ಅರುವತ್ತು ವರ್ಷಕ್ಕೆ ತುಕ್ಕು ಹಿಡಿದು ಉಬ್ಬುವುದು. ಆಗ ಹಲಗೆಯೂ ಬೀಳುವುದು, ಕೆಳಗಿನ ಭುವನೇಶ್ವರಿಯನ್ನೂ ಬೀಳಿಸುವುದು. ಸೋರುವ ಗುಡಿಗಳ ಪೈಕಿ ಎಷ್ಟೋ ಗುಡಿಗಳಲ್ಲಿ ಸೋರುವುದಕ್ಕೆ ಕಾರಣ ಬಹು ಚಿಕ್ಕದು: ಮೇಲೆ ಶೇಖರವಾದ ಮಣ್ಣು, ಆ ಮಣ್ಣಿನಲ್ಲಿ ಹುಟ್ಟಿದ ಅರಳಿಯ ಸಸಿ, ಕಟ್ಟಿಕೊಂಡ ದೋಣಿ. ಎಳೆಯ ಸಸಿಯನ್ನು ಬೆರಳಿನಿಂದ ಕೀಳಬಹುದು. ಹತ್ತು ವರ್ಷ ಬಿಟ್ಟರೆ ಅದೇ ಬೇರು ಶಿಖರವನ್ನು ಸೀಳುವುದು. ಆ ಹತ್ತು ವರ್ಷ ಅತ್ತ ತಿರುಗಿ ನೋಡದವರೇ ಹನ್ನೊಂದನೆಯ ವರ್ಷ ರಸೀದಿ ಪುಸ್ತಕವನ್ನು ಹಿಡಿದು ಹೊರಡುವರು.

ಇಷ್ಟು ಹೇಳಿದ ಮೇಲೆ ಎದುರಿನ ಪಕ್ಷದವರಿಗೂ ಎರಡು ಮಾತು ಸಲ್ಲಬೇಕು. ಹಳೆಯದನ್ನು ಕಾಪಾಡುವುದೆಂದರೆ ಬೀಗ ಹಾಕುವುದೆಂದು ತಿಳಿದಿರುವ ವಿದ್ಯಾವಂತರ ಗುಂಪೊಂದಿದೆ. ದೀಪದ ಹೊಗೆಯಿಂದ ಕಲ್ಲು ಕಪ್ಪಾಗುವುದು, ಎಣ್ಣೆಯಿಂದ ಜಿಡ್ಡಾಗುವುದು, ಜನ ಬಂದರೆ ಸವೆಯುವುದು. ಆದುದರಿಂದ ಪೂಜೆ ನಿಂತರೇ ಕ್ಷೇಮ ಎಂಬುದು ಅವರ ಮತ. ಕಾನೂನು ಕೂಡ ಅಷ್ಟು ದೂರ ಹೋಗಿಲ್ಲ. ಪುರಾತನ ಸ್ಮಾರಕಗಳ 1958ರ ಕಾಯಿದೆಯು ಪೂಜಾಸ್ಥಾನವಾದ ಸ್ಮಾರಕವನ್ನು ಅದರ ಸ್ವರೂಪಕ್ಕೆ ವಿರುದ್ಧವಾದ ಕೆಲಸಕ್ಕೆ ಉಪಯೋಗಿಸಬಾರದೆಂದು ಹೇಳುವುದೇ ಹೊರತು ಪೂಜೆಯನ್ನು ನಿಲ್ಲಿಸುವುದಿಲ್ಲ. ಆದರೆ 2010ರ ತಿದ್ದುಪಡಿಯಿಂದ ರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದೆಂದೂ, ಅದರಾಚೆಯ 200 ಮೀಟರಿನಲ್ಲಿ ಅಪ್ಪಣೆಯಿಲ್ಲದೆ ಕೂಡದೆಂದೂ ಆಗಿದೆ. ಗುಡಿಯ ಮಗ್ಗುಲಲ್ಲಿ ತಲೆತಲಾಂತರದಿಂದ ಇದ್ದ ಒಕ್ಕಲಿಗನು ಬಿದ್ದ ಗೋಡೆಯನ್ನು ಎತ್ತಿಸುವುದಕ್ಕೂ ಅರ್ಜಿ ಬರೆದು ಕಾಯಬೇಕು. ಅವನ ಕಷ್ಟವನ್ನು ಕೇಳದೆ ಅವನಿಗೆ ಪರಂಪರೆಯ ಉಪದೇಶ ಮಾಡಿದರೆ, ತನ್ನ ಊರಿನ ಇನ್ನೊಂದು ಗುಡಿ ಇಲಾಖೆಯ ಕಣ್ಣಿಗೆ ಬೀಳದಿರಲೆಂದು ಅವನು ಹಾರೈಸುವುದು ಸಹಜ. ಬೋರ್ಡು ಬರುವುದಕ್ಕೆ ಮೊದಲೇ ಕೆಡವಿ ಕಟ್ಟಿಬಿಡುವ ಆತುರದ ಮೂಲ ಕೆಲವು ಕಡೆ ಈ ಭಯವೇ.

ಜನ ಬಿಟ್ಟ ದೇವಾಲಯದ ಗತಿಯೇನೆಂಬುದನ್ನು ನೋಡಬೇಕೆನ್ನುವವರು ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಗೆ ಹೋಗಬಹುದು. ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಎತ್ತರವಾದ ಕಮಾನುಗಳುಳ್ಳ ಇಗರ್ಜಿಯೊಂದನ್ನು ಕಟ್ಟಿಸಿದರು. ಚಿಕ್ಕಮಗಳೂರು ಜಿಲ್ಲೆಯಲ್ಲಿಯೇ ಹುಟ್ಟುವ ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟಾಗಿ, 1979ರ ಸುಮಾರಿಗೆ ನೀರು ನಿಂತಾಗ ಊರು ಎದ್ದುಹೋಯಿತು. ಇಗರ್ಜಿ ಉಳಿಯಿತು. ಮಳೆಗಾಲದಲ್ಲಿ ಅರ್ಧ ಮುಳುಗುವುದು, ಬೇಸಗೆಯಲ್ಲಿ ಏಳುವುದು; ಮಾಡು ಹೋಗಿದೆ, ಗೋಡೆಗಳು ಕಳಚುತ್ತಿವೆ. ದೂರದ ಊರುಗಳಿಂದ ಜನ ಬಂದು ಅದರ ಮುಂದೆ ನಿಂತು ಪಟ ತೆಗೆಸಿಕೊಳ್ಳುವರು, ಮದುವೆಯ ಗಂಡು ಹೆಣ್ಣುಗಳೂ ಸಹ. ಅದೇ ಇಗರ್ಜಿಯೊಳಗೆ ಮದುವೆಯಾಗುತ್ತಿದ್ದವರ ಮಕ್ಕಳು ಈಗ ಎಲ್ಲಿರುವರೋ! ಲಕ್ಕವಳ್ಳಿಯ ಅಣೆಕಟ್ಟನ್ನು ತಮ್ಮ ತಾಲ್ಲೂಕಿನಲ್ಲಿಯೇ ಕಂಡ ತರೀಕೆರೆಯವರಿಗೆ ಮುಳುಗಡೆಯೆಂದರೇನೆಂದು ಹೇಳಿಕೊಡಬೇಕಾದುದಿಲ್ಲ. ಶೆಟ್ಟಿಹಳ್ಳಿಯ ಗೋಡೆಯನ್ನು ಕೆಡವುತ್ತಿರುವುದು ನೀರು ನಿಜ. ಆದರೆ ಊರಿದ್ದು ದಿನದಿನವೂ ಬಾಗಿಲು ತೆರೆಯುವವರಿದ್ದಿದ್ದರೆ ಒಂದು ಹೆಂಚು ಜಾರಿದ ದಿನವೇ ಅದು ತಿಳಿಯುತ್ತಿತ್ತು. ಪೂಜೆಯೇ ಕಟ್ಟಡದ ಮೊದಲನೆಯ ಕಾವಲುಗಾರ.

ಪೂಜೆಯೂ ನಿಲ್ಲದೆ, ಹಳೆಯ ಕೆಲಸವೂ ಕೆಡದೆ ದುರಸ್ತಿ ನಡೆಯಬಹುದೆ? ನಡೆದಿದೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆಗಳನ್ನೂ ಮಾಡನ್ನೂ ಇಟಲಿಯ ಅಂಟೋನಿಯೋ ಮೊಸ್ಕೇನಿ ಎಂಬ ಜೆಸುಯಿಟ್ ಸೋದರನು 1899ರಿಂದ ಸುಮಾರು ಎರಡು ವರ್ಷ ದುಡಿದು ಚಿತ್ರಗಳಿಂದ ತುಂಬಿದನು. ಕರಾವಳಿಯ ಮಳೆಯ ತೇವಕ್ಕೆ ಅವು ಮಾಸಿದಾಗ, ಮೇಲೆ ಹೊಸ ಬಣ್ಣ ಬಳಿಸುವುದು ಸುಲಭವಾಗಿತ್ತು. ಹಾಗೆ ಮಾಡದೆ 1991ರಿಂದ 1994ರ ವರೆಗೆ ಇಂಟ್ಯಾಕ್ ಸಂಸ್ಥೆಯ ತಜ್ಞರು ಅಂಗುಲ ಅಂಗುಲವಾಗಿ ಶುದ್ಧಿಮಾಡಿ, ಕಳಚಿದ್ದನ್ನು ಅಂಟಿಸಿ, ಮೊಸ್ಕೇನಿಯ ಗೆರೆಯನ್ನೇ ಉಳಿಸಿದರು. ಇಂದಿಗೂ ಅಲ್ಲಿ ಪ್ರಾರ್ಥನೆ ನಡೆಯುತ್ತಿದೆ. ಬೇಲೂರಿನಲ್ಲಿ ಚೆನ್ನಕೇಶವನ ಮೇಲಿನ ಶಿಖರದ ಭಾರವನ್ನು ಕೆಳಗಿನ ಗರ್ಭಗುಡಿ ತಾಳಲಾರದೆಂದು ತೋರಿದಾಗ 1879ರಲ್ಲಿ ಶಿಖರವನ್ನು ಇಳಿಸಿದರು. ಆ ಜಾಗದಲ್ಲಿ ಸಿಮೆಂಟಿನ ಶಿಖರವನ್ನು ಇನ್ನೂ ಯಾರೂ ಎಬ್ಬಿಸಿಲ್ಲ. ಬೋಳುತಲೆಯ ಗುಡಿಯಲ್ಲಿ ಕೇಶವನ ಮಹಿಮೆಗೆ ಕುಂದು ಬಂದಿತೆಂದು ಯಾವ ಭಕ್ತನೂ ಹೇಳಿದ್ದಿಲ್ಲ.

ಪ್ಯಾರಿಸ್ಸಿನ ನೋತ್ರ್ ದಾಮ್ ಇಗರ್ಜಿಗೆ ಅಡಿಗಲ್ಲಾದದ್ದು 1163ರಲ್ಲಿ. ಅಮೃತಾಪುರದ ಗುಡಿಗೆ ಅದು ಹೆಚ್ಚುಕಡಿಮೆ ಓರಗೆಯದು. 2019ರ ಏಪ್ರಿಲಿನಲ್ಲಿ ಅದರ ಮರದ ಮಾಡು ಬೆಂಕಿಗೆ ಬಿದ್ದಿತು. ಗಾಜಿನ ಮಾಡು ಮಾಡೋಣ, ಹೊಸ ಕಾಲಕ್ಕೆ ಒಪ್ಪುವ ಶಿಖರ ಇಡೋಣ ಎಂದು ಅಲ್ಲಿಯೂ ದೊಡ್ಡವರೇ ಹೇಳಿದರು. ಕಡೆಗೆ ಇದ್ದಂತೆಯೇ ಕಟ್ಟಬೇಕೆಂದು ಗೊತ್ತಾಗಿ, ಓಕ್ ಮರಗಳನ್ನು ಹುಡುಕಿ ತಂದು, ಬಡಗಿಗಳು ಹಿಂದಿನ ಕಾಲದಂತೆ ಕೈಕೊಡಲಿಯಿಂದ ತೊಲೆಗಳನ್ನು ಕೆತ್ತಿದರು. 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆದು ಪೂಜೆ ಮತ್ತೆ ನಡೆಯಿತು. ಅವರು ಹಣವಂತರು, ಕಡೂರು ಸೀಮೆಯವರಿಗೆ ಅದೆಲ್ಲಿಂದ ಬರಬೇಕು ಎನ್ನಬಹುದು. ಆದರೆ ಅಲ್ಲಿ ಹೊಳೆಯುವ ಹೊಸದನ್ನು ಬೇಡವೆನ್ನುವುದಕ್ಕೆ ಬೇಕಾಗಿದ್ದುದು ಹಣವಲ್ಲ. ಕಡೂರಿನ ಸೀಮೆಯಲ್ಲಿಯೂ ಬೇಕಾಗಿರುವುದು ಅದೇ.

ಹಣದ ಮಾತು ಬಂದುದರಿಂದ ಅದನ್ನೂ ಮುಗಿಸುವುದು ಒಳ್ಳೆಯದು. ಮುಜರಾಯಿ ಇಲಾಖೆಯ ಪಟ್ಟಿಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ಹುಟ್ಟದ ಗುಡಿಗಳೆಲ್ಲ ‘ಸಿ’ ವರ್ಗದವು. ರಾಜ್ಯದ ಮುಜರಾಯಿ ಗುಡಿಗಳಲ್ಲಿ ಬಹುಪಾಲು ಇವೇ. ಇಂಥ ಗುಡಿಗೆ ದಾನಿಯೇ ಗತಿ. ದಾನಿಗೆ ತನ್ನ ಹೆಸರು ಕಾಣಬೇಕು. ಇದು ಹೊಸ ಚಪಲವೇನೂ ಅಲ್ಲ. ಅಮೃತ ದಂಡನಾಯಕನಿಗೂ ಇತ್ತು, ಅದಕ್ಕೇ ಅವನು ಜನ್ನನಿಂದ ಬರೆಯಿಸಿದನು. ಈಗಿನ ದಾನಿಯು ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ ಹೆಸರು ಬರೆಯಿಸುವನು, ಬೆಳಕು ಬೀಳುವುದಕ್ಕೂ ಜಾಗ ಉಳಿಯದ ಹಾಗೆ! ಚಾವಣಿಯ ಮೇಲಿನ ಗಾರೆಗೆ, ನೀರು ಹೋಗುವ ಚರಂಡಿಗೆ, ಜರಿದ ಅಡಿಪಾಯಕ್ಕೆ ಕೊಟ್ಟರೆ ಹೆಸರು ಬರೆಯುವುದಕ್ಕೆ ಮೈಯೇ ಸಿಕ್ಕುವುದಿಲ್ಲವಾದುದರಿಂದ ಅವಕ್ಕೆ ಕೊಡುವವರಿಲ್ಲ. ಪ್ರಾಕಾರದ ಹೊರಗೆ ಒಂದು ಸಾಧಾರಣವಾದ ಹಲಗೆಯನ್ನು ನಿಲ್ಲಿಸಿ, ಗಾರೆಗೆ ಕೊಟ್ಟವರ ಹೆಸರನ್ನು ಎಲ್ಲರಿಗಿಂತ ಮೇಲೆ ಬರೆಯುವ ಸಮಿತಿಯು ಅರ್ಧ ಕಷ್ಟವನ್ನು ಗೆದ್ದಂತೆ.

ಗುಡಿಯೊಳಗಿನ ಕಲ್ಲುಗಳಿಗೆ ಗುರುತು ಹಾಕಿ, ಬಿಚ್ಚಿ, ಅಡಿಪಾಯವನ್ನು ಸರಿಪಡಿಸಿ, ಅದೇ ಕಲ್ಲುಗಳನ್ನು ಅದೇ ಜಾಗದಲ್ಲಿ ನಿಲ್ಲಿಸುವ ಕೆಲಸವನ್ನು ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟು 1991ರಿಂದ ನಡೆಸುತ್ತ ಬಂದು, ನೂರಾರು ಗುಡಿಗಳನ್ನು ಎತ್ತಿ ನಿಲ್ಲಿಸಿದೆ. ಟ್ರಸ್ಟಿನದೊಂದು ಪಾಲು, ಸರ್ಕಾರದ್ದೊಂದು ಪಾಲು, ಊರಿನವರದೊಂದು ಪಾಲು. ಊರಿನವರ ಪಾಲು ಚಿಕ್ಕದು, ಆದರೆ ಅದಿಲ್ಲದೆ ಕೆಲಸ ಹಿಡಿಯುವುದಿಲ್ಲ. ಇದು ಬಹು ತಿಳಿವಳಿಕೆಯ ನಿಯಮ. ಕೆಲಸ ಬಲ್ಲವರು ಇಲ್ಲವೆಂಬ ನೆಪಕ್ಕೆ ಇದಕ್ಕಿಂತ ಉತ್ತರ ಬೇಕಾಗಿಲ್ಲ.

ಊರಿಗೆ ಅಡಿಗೆಮನೆ ಬೇಕು, ಊಟದ ಮನೆ ಬೇಕು, ಹೆಂಗಸರಿಗೆ ಶೌಚಗೃಹ ಬೇಕು, ಮಳೆಗಾಲದಲ್ಲಿ ಮದುವೆ ನಡೆಯುವುದಕ್ಕೆ ನೆರಳು ಬೇಕು. ಇವು ಒಂದೂ ಅನಗತ್ಯವಲ್ಲ. ಇವುಗಳನ್ನು ಪ್ರಾಕಾರದ ಹೊರಗೆ, ಗುಡಿಯ ತಲೆಯನ್ನು ಮೀರದ ಎತ್ತರದಲ್ಲಿ, ಅದರ ನೀರು ಗುಡಿಯ ಕಡೆ ಹರಿಯದಂತೆ ಕಟ್ಟಿಕೊಂಡರೆ ಯಾರ ತಂಟೆಯೂ ಇಲ್ಲ. ಮೆಟ್ಟಿಲು ಹತ್ತಲಾರದವರಿಗೆ ಮರದ ಇಳಿಜಾರನ್ನು ಇಡಬಹುದು, ಬೇಡವಾದಾಗ ಎತ್ತಿಡಬಹುದು. ದೀಪದ ತಂತಿಯನ್ನು ಕಲ್ಲಿಗೆ ತೂತು ಕೊರೆಯದೆ ಸಂದಿನ ಗುಂಟ ತರಬಹುದು. ಮಂಟಪದಲ್ಲಿ ಭಜನೆಯೂ ಆಗಲಿ, ಗಮಕವೂ ಆಗಲಿ, ಗ್ರಾಮಸಭೆಯೂ ಆಗಲಿ. ಅಂದು ಶಿಲ್ಪಿಯು ಆಸನಗಳನ್ನು ಕಡೆದದ್ದು ಅವು ಖಾಲಿ ಬಿದ್ದಿರಲೆಂದಲ್ಲ.

ಇನ್ನು ಉಳಿದದ್ದು ದಾಖಲೆಯ ವಿಚಾರ. ಒಂದು ಕಾಲಕ್ಕೆ ಇಡೀ ಜಿಲ್ಲೆಗೇ ಕಡೂರಿನ ಹೆಸರಿತ್ತು. ಆ ಹೆಸರಿನಲ್ಲಿಯೇ ಬಿ. ಎಲ್. ರೈಸರು ಇಲ್ಲಿಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟವಾಗಿ 1901ರಲ್ಲಿ ಅಚ್ಚು ಹಾಕಿಸಿದರು. ಕಡೂರಿನ ಕಂಬವೊಂದರ ಮೇಲಿನ 971ರ ಶಾಸನದಿಂದ, ಗಂಗ ಬೂತುಗನ ಅಕ್ಕ ಪಾಂಬಬ್ಬೆಯು ತಲೆ ಬೋಳಿಸಿಕೊಂಡು ಮೂವತ್ತು ವರ್ಷ ತಪಸ್ಸು ಮಾಡಿದ ಸಂಗತಿ ಲೋಕಕ್ಕೆ ತಿಳಿಯಿತು. ರಾಜಮನೆತನದ ಹೆಣ್ಣುಮಗಳೊಬ್ಬಳ ಮೂವತ್ತು ವರ್ಷಗಳು ಒಂದು ಕಂಬದ ಮೇಲೆ ನಿಂತಿವೆ. ಆ ಕಂಬವು ಯಾರದೋ ಜೀರ್ಣೋದ್ಧಾರದಲ್ಲಿ ಜಗಲಿಯ ಅಂಚುಗಲ್ಲಾಗಿದ್ದರೆ ಅವಳು ಇದ್ದಳೆಂಬುದೇ ತಿಳಿಯುತ್ತಿರಲಿಲ್ಲ. ರೈಸರ ಸಂಪುಟದಲ್ಲಿರುವ ಶಾಸನಗಳಲ್ಲಿ ಎಷ್ಟು ಕಲ್ಲುಗಳು ಇಂದು ಇದ್ದಲ್ಲಿಯೇ ಇವೆಯೆಂದು ಊರೂರಿಗೆ ಹೋಗಿ ಸರಿನೋಡುವ ಕೆಲಸವು ಜಿಲ್ಲೆಯ ಸಾಹಿತ್ಯಸಂಘಗಳಿಗೂ ಕಾಲೇಜಿನ ಅಧ್ಯಾಪಕರಿಗೂ ಹೇಳಿ ಮಾಡಿಸಿದಂಥದು. ಕವಿಸಮ್ಮೇಲನಗಳನ್ನು ಒಂದು ವರ್ಷ ನಿಲ್ಲಿಸಿಯಾದರೂ ಅದನ್ನು ಮಾಡಬಹುದು, ಕವಿಗಳು ಕ್ಷಮಿಸುವರು.

ಸಮಿತಿಗಳು ಮಾಡಬೇಕಾದುದು ಅದಕ್ಕಿಂತ ಸುಲಭ. ರಸೀದಿ ಪುಸ್ತಕವನ್ನು ಅಚ್ಚಿಗೆ ಕೊಡುವುದಕ್ಕೆ ಮೊದಲು ಗುಡಿಯ ನಾಲ್ಕು ಕಡೆಯಿಂದಲೂ ಒಳಗಿನಿಂದಲೂ ಪಟ ತೆಗೆಯಿಸಿ, ಪ್ರತಿಯೊಂದು ಕಲ್ಲಿಗೂ ಬಳಪದಿಂದ ಅಂಕಿ ಹಾಕಿ, ಅಕ್ಷರ ಕಂಡ ಕಲ್ಲಿನ ವಿಷಯವನ್ನು ಇಲಾಖೆಗೆ ಬರೆದು ತಿಳಿಸುವುದು. ಬಳಿಕ ಮುಂಗಾರು ಹಿಡಿಯುವುದಕ್ಕೆ ಹದಿನೈದು ದಿನ ಮುಂಚಿತವಾಗಿ ಒಂದು ಏಣಿಯನ್ನು ತರಿಸಿ, ಅಧ್ಯಕ್ಷರೇ ಚಾವಣಿಯ ಮೇಲೆ ಹತ್ತಿ, ಅಲ್ಲಿ ಎಷ್ಟು ಅರಳಿಯ ಸಸಿಗಳಿವೆಯೆಂದು ಎಣಿಸಿಕೊಂಡು ಬರುವುದು.